ಎಲ್ಲಿ ಆಯ್ತು ಮಾರಾಯ?

ಸ್ಟೀಲಿನ ಕಡಗ ಹಾಕಿದ ಕೈಯ ಪೆಟ್ಟಿನಿಂದ ಆದ ಗಾಯ ನೋಡಿದ ಕೂಡಲೇ ಗೊತ್ತಾಗುತ್ತದೆ. ಹುಬ್ಬಿನ ಎಲುಬಿನ ಮೇಲೆಯೇ ಚರ್ಮ ಒಡೆದಿರುತ್ತದೆ. ಕತ್ತಿಯಲ್ಲಿ ಸೀಳಿದ ಹಾಗೆ ಇರುವುದಿಲ್ಲ, ಜಜ್ಜಿ ಒಡೆದ ಹಾಗಿರುತ್ತದೆ. ಸುತ್ತ ಊದಿಕೊಂಡು ಕಣ್ಣು ಅರ್ಧ ಮುಚ್ಚಿರುತ್ತದೆ. ಗಾಯ ಒಂದು ಇಂಚೂ ಇರುವುದಿಲ್ಲ, ರಕ್ತ ಮಾತ್ರ ಅಂಗಿ ಪೂರ್ತಿ. ಹುಬ್ಬಿನ ಜಾಗವೇ ಹಾಗೆ. ಹುಡುಗ ಸ್ಟೂಲಿನ ಮೇಲೆ ಕೂತಿರುತ್ತಾನೆ, ಹಿಂದೆ ಇಬ್ಬರು ಗೆಳೆಯರು ನಿಂತಿರುತ್ತಾರೆ. ಹೇಗಾಯ್ತು ಅಂತ ಕೇಳಿದರೆ ಮೂವರೂ ಒಟ್ಟಿಗೆ ಹೇಳುತ್ತಾರೆ: "ಬೈಕಿಂದ ಬಿದ್ದದ್ದು ಸಿಸ್ಟರ್."

ಬೈಕಿನಿಂದ ಬಿದ್ದವನ ಮೊಣಕೈ ತರಚಿರುತ್ತದೆ. ಪ್ಯಾಂಟು ಹರಿದಿರುತ್ತದೆ. ಗಾಯದೊಳಗೆ ಹೊಯಿಗೆ (ಮರಳು) ಕೂತಿರುತ್ತದೆ, ಅದನ್ನು ಸಲೈನ್ ಹಾಕಿ ತೊಳೆದು ತೆಗೆಯುವಷ್ಟರಲ್ಲಿ ನನಗೂ ಸಾಕಾಗುತ್ತದೆ, ಅವನಿಗೂ ಸಾಕಾಗುತ್ತದೆ. ಇವನ ಇಸ್ತ್ರಿ ಹಾಕಿದ ಯೂನಿಫಾರ್ಮ್ ಪ್ಯಾಂಟಿಗೆ ಧೂಳು ಕೂಡ ತಾಗಿಲ್ಲ.

ನಾನು ನರ್ಸ್. ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಕೆಲಸ. ಮನೆ ಕುಂಬಳೆಗೂ ಉಪ್ಪಳಕ್ಕೂ ನಡುವೆ, ಹೈವೇಯಿಂದ ಸ್ವಲ್ಪ ಒಳಗೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಆಮೇಲೆ ಮಂಗಳೂರಿನಲ್ಲಿ ನರ್ಸಿಂಗ್. ಮನೆಯಲ್ಲಿ ಕನ್ನಡ, ಅತ್ತೆಯ ಹತ್ತಿರ ತುಳು, ಆಸ್ಪತ್ರೆಯಲ್ಲಿ ಮಲಯಾಳಂ, ಪಕ್ಕದ ಮನೆಯವರ ಜೊತೆ ಅರ್ಧ ಬ್ಯಾರಿ. ನಾಲ್ಕು ಭಾಷೆಯಲ್ಲಿ ಸುಳ್ಳು ಕೇಳಿಸಿಕೊಳ್ಳುವ ಕೆಲಸ ನನ್ನದು. ಬೈಕಿನಿಂದ ಬಿದ್ದ ಸುಳ್ಳು ನಾಲ್ಕರಲ್ಲೂ ಒಂದೇ.

ಒಂದು ಗಾಯದಲ್ಲಿ ಮಾತ್ರ ನಾನು ಸುಳ್ಳನ್ನು ಬಿಡುವುದಿಲ್ಲ. ಮುಷ್ಟಿಯ ಗೆಣ್ಣಿನ ಮೇಲೆ ಸಣ್ಣ ಗಾಯ ಮಾಡಿಕೊಂಡು ಬರುತ್ತಾರೆ. ಗೇಟಿಗೆ ತಾಗಿತು ಅನ್ನುತ್ತಾರೆ. ನೋಡಲು ಏನೂ ಅಲ್ಲ, ಒಂದು ಬ್ಯಾಂಡೇಜ್ ಸಾಕು ಅನಿಸುತ್ತದೆ. ಆದರೆ ಅದು ಎದುರಿನವನ ಹಲ್ಲು ತಾಗಿ ಆದದ್ದಾದರೆ ಬಾಯಿಯ ಕೀಟಾಣು ಕೀಲಿನ ಒಳಗೆ ಹೋಗುತ್ತದೆ, ಎರಡು ದಿನದಲ್ಲಿ ಕೈ ಬಾತುಕೊಳ್ಳುತ್ತದೆ, ಬೆರಳು ಮಡಚಲು ಆಗದ ಹಾಗೆ ಉಳಿಯಬಹುದು. ಅದಕ್ಕೆ ಬೇರೆ ಮದ್ದು ಬೇಕು. ಹಾಗಾಗಿ ಬಾಗಿಲ ಪರದೆ ಎಳೆದು ಮೆಲ್ಲಗೆ ಕೇಳುತ್ತೇನೆ: "ಗೇಟೋ, ಹಲ್ಲೋ? ಪೊಲೀಸರಿಗಲ್ಲ ಮಾರಾಯ, ಮದ್ದಿಗೆ ಕೇಳ್ತಾ ಇದ್ದೇನೆ." ಸ್ವಲ್ಪ ಹೊತ್ತು ನೆಲ ನೋಡಿ, "ಹಲ್ಲು" ಅನ್ನುತ್ತಾರೆ.

ಎರಡೂ ತರದ ಗಾಯದಲ್ಲಿ ಬರುವವರು ಒಂದೇ ಹುಡುಗರು ಅಂತ ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಓಣಂ ರಜೆಗೆ ಮೊದಲು ಹುಬ್ಬು ಒಡೆದುಕೊಂಡು ಬಂದವನು ಕ್ರಿಸ್‌ಮಸ್ ಪರೀಕ್ಷೆಯ ಹೊತ್ತಿಗೆ ಗೆಣ್ಣು ಒಡೆದುಕೊಂಡು ಬರುತ್ತಾನೆ. ಹೊಡೆದವನು ಒಂದು ತರದ ಹುಡುಗ, ಹೊಡೆಸಿಕೊಂಡವನು ಇನ್ನೊಂದು ತರದ ಹುಡುಗ ಅಂತ ಪತ್ರಿಕೆ ಓದುವಾಗ ಅನಿಸುತ್ತದೆ, ಅಲ್ವಾ? ಡ್ರೆಸ್ಸಿಂಗ್ ರೂಮಿನಲ್ಲಿ ಕೂತರೆ ಹಾಗೆ ಅನಿಸುವುದಿಲ್ಲ. ಅಪರಾಧದ ಬಗ್ಗೆ ಅಧ್ಯಯನ ಮಾಡುವವರು ಬೇರೆ ಬೇರೆ ದೇಶಗಳಲ್ಲಿ ಕಂಡುಕೊಂಡದ್ದೂ ಇದನ್ನೇ. ಹೊಡೆಯುವ ಹುಡುಗರ ಪಟ್ಟಿಯನ್ನೂ ಪೆಟ್ಟು ತಿನ್ನುವ ಹುಡುಗರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ತುಂಬ ಹೆಸರುಗಳು ಎರಡರಲ್ಲೂ ಇರುತ್ತವೆ.

ಸುಳ್ಳು ಯಾಕೆ ಹೇಳುತ್ತಾರೆ ಅಂತ ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಹೊಡೆದಾಟ ಅಂದರೆ ಡಾಕ್ಟರು ಆಕ್ಸಿಡೆಂಟ್ ರಿಜಿಸ್ಟರಿನಲ್ಲಿ ಬರೆಯಬೇಕು, ಸ್ಟೇಷನ್ನಿಗೆ ತಿಳಿಸಬೇಕು. ಕೇಸ್ ಆದರೆ ಪಿ.ಸಿ.ಸಿ. (ಕೇಸಿಲ್ಲ ಅಂತ ಪೊಲೀಸರು ಕೊಡುವ ಪತ್ರ) ಸಿಗುವುದಿಲ್ಲ, ಪಿ.ಸಿ.ಸಿ. ಇಲ್ಲದಿದ್ದರೆ ಗಲ್ಫಿಗೆ ಹೋಗಲಿಕ್ಕಿಲ್ಲ. ನಮ್ಮ ಊರಿನ ಹದಿನಾರು ವರ್ಷದ ಹುಡುಗನಿಗೆ ಕಾನೂನಿನಲ್ಲಿ ಗೊತ್ತಿರುವುದು ಇಷ್ಟೇ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಹದಿನೆಂಟು ತುಂಬದವನ ಕೇಸು ಮುಂದೆ ಅವನ ಕೆಲಸಕ್ಕೆ ಅಡ್ಡ ಬರಬಾರದು ಅಂತಲೇ ಬರೆದಿದೆ. ತೀರಾ ಗಂಭೀರ ಅಪರಾಧದಲ್ಲಿ, ಹದಿನಾರು ದಾಟಿದವರಿಗೆ ಮಾತ್ರ ಬೇರೆ ಲೆಕ್ಕ. ಆದರೆ ತಾಯಂದಿರಿಗೆ ಇದನ್ನು ಯಾರು ಹೇಳುತ್ತಾರೆ? ಅವರೂ ಹುಡುಗನ ಹಿಂದೆ ನಿಂತು ಬೈಕಿನ ಕತೆಗೆ ತಲೆ ಅಲ್ಲಾಡಿಸುತ್ತಾರೆ.

ನಮ್ಮಲ್ಲಿ ಕೆಲವು ತಿಂಗಳು ಒಬ್ಬಳು ಹುಡುಗಿ ಡಾಕ್ಟರ್ ಇದ್ದಳು. ನೈಟ್ ಡ್ಯೂಟಿಯಲ್ಲಿ ಮೂರು ಗಂಟೆಗೆ ಚಹಾ ಕುಡಿಯುತ್ತಾ ಒಮ್ಮೆ ಅಂದಳು: "ಸಿಸ್ಟರ್, ನಾವು ಹೇಗಾಯ್ತು ಅಂತ ಕೇಳುವುದೇ ತಪ್ಪು. ಹೇಗೆ ಅಂದರೆ ಸುಳ್ಳು ಹೇಳಲೇಬೇಕು. ಎಲ್ಲಿ ಅಂತ ಕೇಳಬೇಕು." ಆಮೇಲೆ ವೇಲ್ಸ್ ದೇಶದ ಕಾರ್ಡಿಫ್ ಊರಿನ ಕತೆ ಹೇಳಿದಳು.

ಅಲ್ಲಿ ಜೊನಾಥನ್ ಶೆಫರ್ಡ್ ಅಂತ ಒಬ್ಬರು ಸರ್ಜನ್, ಒಡೆದ ದವಡೆ, ಹರಿದ ಮುಖ ಹೊಲಿಯುವವರು. ಹೊಡೆದಾಟದಲ್ಲಿ ಗಾಯವಾಗಿ ಆಸ್ಪತ್ರೆಗೆ ಬರುವವರಲ್ಲಿ ತುಂಬ ಜನರ ಸುದ್ದಿ ಪೊಲೀಸರಿಗೆ ಹೋಗಿಯೇ ಇಲ್ಲ ಅಂತ ಅವರು ಗಮನಿಸಿದರು. ಅವರ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಚೀಟಿ ಮಾಡುವಾಗಲೇ ಎರಡು ಮೂರು ಪ್ರಶ್ನೆ ಜಾಸ್ತಿ ಕೇಳುವ ಕ್ರಮ ಶುರುವಾಯಿತು. ಎಲ್ಲಿ, ಎಷ್ಟು ಗಂಟೆಗೆ, ಯಾವುದರಿಂದ. ಹೆಸರು ತೆಗೆದುಹಾಕಿ ಆ ಪಟ್ಟಿಯನ್ನು ಮಾತ್ರ ಪೊಲೀಸರಿಗೂ ನಗರಾಡಳಿತಕ್ಕೂ ಕೊಟ್ಟರು. ಯಾವ ಬೀದಿ, ಯಾವ ಬಾರಿನ ಎದುರು ಅಂತ ಗೊತ್ತಾದ ಮೇಲೆ ಪೊಲೀಸರು ಅಲ್ಲಿಗೆ ಹೋಗಿ ನಿಂತರು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಲೆಕ್ಕ ಬಂತು. ಅದೇ ತರದ ಬೇರೆ ಊರುಗಳಿಗೆ ಹೋಲಿಸಿದರೆ ಕಾರ್ಡಿಫ್‌ನಲ್ಲಿ ಹೊಡೆದಾಟದ ಗಾಯಕ್ಕೆ ಅಡ್ಮಿಟ್ ಆಗುವವರು ಶೇಕಡಾ 42ರಷ್ಟು ಕಡಿಮೆಯಾಗಿದ್ದರು.

ಅವಳು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಚಿನ್ನದಂಗಡಿಯವರು ವರ್ಷವರ್ಷ ಕೊಡುವ ಡೈರಿ ಮನೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಒಂದನ್ನು ತೆಗೆದುಕೊಂಡೆ. ಹೆಸರಿಲ್ಲ, ವಯಸ್ಸಿಲ್ಲ, ಮನೆಯಿಲ್ಲ. ವಾರ, ಗಂಟೆ, ಜಾಗ ಮಾತ್ರ. ಗಾಯ ತೊಳೆಯುವಾಗ ಕೇಳುತ್ತಿದ್ದೆ: "ಎಲ್ಲಿ ಆಯ್ತು ಮಾರಾಯ?" ಆಶ್ಚರ್ಯ ಅಂದರೆ ಇದಕ್ಕೆ ನಿಜ ಹೇಳುತ್ತಾರೆ. ಬೈಕಿನಿಂದ ಬಿದ್ದ ಸುಳ್ಳು ಹೇಳುವವನೂ ಬಿದ್ದ ಜಾಗ ಸರಿಯಾಗಿಯೇ ಹೇಳುತ್ತಾನೆ. ಅದಕ್ಕೊಂದು ಸುಳ್ಳು ತಯಾರು ಮಾಡಿಕೊಂಡು ಬಂದಿರುವುದಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ನೆರೆಕರೆಯ ಮೂರೇ ಮೂರು ಜಾಗ ಮತ್ತೆ ಮತ್ತೆ ಬಂದಿದ್ದವು.

ಒಂದು, ಶಾಲೆ ಬಿಟ್ಟ ಮೇಲೆ ಪ್ಲಸ್ ಟು (ಹನ್ನೊಂದು, ಹನ್ನೆರಡನೇ ತರಗತಿ) ಹುಡುಗರು ಬಸ್ಸಿಗೆ ನಿಲ್ಲುವ ಜಾಗ, ಸಂಜೆ ನಾಲ್ಕರಿಂದ ಐದು. ಸೀನಿಯರ್-ಜೂನಿಯರ್ ಗಲಾಟೆ. ಶೂ ಹಾಕಿದ್ದಕ್ಕೆ, ಕಾಲರಿನ ಗುಂಡಿ ಹಾಕದೇ ಇದ್ದದ್ದಕ್ಕೆ, ಒಂದು ರೀಲಿನ ಕೆಳಗೆ ನಕ್ಕದ್ದಕ್ಕೆ. ಕಾರಣ ಕೇಳಿದರೆ ನಮಗೆ ನಗು ಬರುತ್ತದೆ, ಅವರಿಗೆ ಬರುವುದಿಲ್ಲ. ಎಲ್ಲರೂ ನೋಡುತ್ತಿರುವಾಗ ಸುಮ್ಮನೆ ನಿಂತವನನ್ನು ನಾಳೆಯಿಂದ ಎಲ್ಲರೂ ತಟ್ಟುತ್ತಾರೆ ಅನ್ನುವುದು ಅವರ ಲೆಕ್ಕ. ಆ ಲೆಕ್ಕ ತಪ್ಪು ಅಂತ ನಾನು ಹೇಗೆ ಹೇಳಲಿ, ಆ ಬಸ್ ಸ್ಟಾಪಿನಲ್ಲಿ ನಾನು ನಿಂತಿಲ್ಲವಲ್ಲ.

ಎರಡನೆಯದು ಹೊಳೆಯ ಕಡವು (ದೋಣಿ ನಿಲ್ಲುವ ದಡ), ರಾತ್ರಿ. ಅಲ್ಲಿ ಹೊಯಿಗೆ ತೆಗೆಯುತ್ತಾರೆ, ಪರ್ಮಿಟ್ ಇಲ್ಲದೆ. ಲಾರಿ ಹೊರಡುವ ಮೊದಲು ಬೈಕಿನಲ್ಲಿ ಮುಂದೆ ಹೋಗಿ ಪೊಲೀಸ್ ಜೀಪು ಇದೆಯಾ ನೋಡಿ ಫೋನು ಮಾಡಲು ಹುಡುಗರು ಬೇಕು. ರಾತ್ರಿಗೆ ಇಷ್ಟು ಅಂತ ಕೈಯಲ್ಲಿ ಕೊಡುತ್ತಾರೆ. ಕೊಡದಿದ್ದರೆ? ಕಳ್ಳ ಹೊಯಿಗೆಯ ಬಾಕಿಗೆ ಸ್ಟೇಷನ್ನಿಗೆ ದೂರು ಕೊಡಲಿಕ್ಕಾಗುತ್ತದಾ? ಕೈಯಲ್ಲೇ ತೀರಿಸಿಕೊಳ್ಳಬೇಕು. ನಶೆಯ ಪುಡಿ ಮಾರುವ ಕಡೆಯೂ ಇದೇ. ಎಂಡಿಎಂಎ ತಿಂದು ತಲೆ ಕೆಟ್ಟು ಹೊಡೆಯುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಹಾಗೆ ಬಂದವರನ್ನೂ ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಟೇಬಲ್ಲಿಗೆ ಜಾಸ್ತಿ ಬಂದದ್ದು ಬಾಕಿ ದುಡ್ಡಿನ ಗಾಯ.

ಮೂರನೆಯದು ಅಂಡರ್‌ಪಾಸ್. ಇದನ್ನು ಬರೆಯುವಾಗ ಕೈ ನಿಂತಿತು. ನಮ್ಮ ಮನೆಯಿಂದ ಅಲ್ಲಿಗೆ ನಡೆದರೆ ನಾಲ್ಕು ನಿಮಿಷ.

ಆ ಜಾಗದಲ್ಲಿ ಮೊದಲು ಇಚ್ಚನ ಅಂಗಡಿ ಇತ್ತು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಇಚ್ಚ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರು ಉದ್ದ ಜಗಲಿ. ಒಂದು ಮೂಲೆಯಲ್ಲಿ ನೇತಾಡುವ ಬಾಳೆಗೊನೆ, ಇನ್ನೊಂದು ಮೂಲೆಯಲ್ಲಿ ಬೊಂಡದ (ಎಳನೀರಿನ) ರಾಶಿ. ಬೆಳಿಗ್ಗೆ ಆರಕ್ಕೆ ತೆರೆದರೆ ರಾತ್ರಿ ಹತ್ತಕ್ಕೆ ಮುಚ್ಚುವುದು. ಜಗಲಿಯಲ್ಲಿ ಕನ್ನಡ ಪೇಪರೂ ಇರುತ್ತಿತ್ತು, ಮಲಯಾಳಂ ಪೇಪರೂ ಇರುತ್ತಿತ್ತು. ಹುಡುಗರು ಅಲ್ಲೇ ಕೂರುತ್ತಿದ್ದರು, ನಿಂಬೆ ಸೋಡಾ ಕುಡಿದು ದುಡ್ಡು ನಾಳೆ ಅನ್ನುತ್ತಿದ್ದರು. ಇಚ್ಚ ಯಾರಿಗೂ ಬುದ್ಧಿ ಹೇಳಿದ್ದು ನನಗೆ ನೆನಪಿಲ್ಲ. ಇಬ್ಬರು ಎದ್ದು ನಿಂತು ಅಂಗಿ ಹಿಡಿದುಕೊಂಡರೆ ಮಾತ್ರ ಕ್ಯಾಶ್ ಪೆಟ್ಟಿಗೆಯ ಹಿಂದಿನಿಂದಲೇ, ಒಬ್ಬನ ಅಪ್ಪನ ಹೆಸರು ಗಟ್ಟಿಯಾಗಿ ಹೇಳುತ್ತಿದ್ದರು. ಅಷ್ಟೇ. 'ಇಂಥವರ ಮಗ ಅಲ್ವಾ ನೀನು?' ಅಂಗಿ ಬಿಟ್ಟುಬಿಡುತ್ತಿದ್ದರು.

ಹೈವೇ 66 ಆರು ಲೇನ್ ಆಗುವಾಗ ತಲಪಾಡಿಯಿಂದ ಚೆಂಗಳದವರೆಗೆ ರಸ್ತೆ ಬದಿಯ ಎಷ್ಟು ಅಂಗಡಿಗಳು, ಎಷ್ಟು ಮರಗಳು ಹೋದವು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ರಸ್ತೆ ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮಂಗಳೂರಿಗೆ ಆಂಬ್ಯುಲೆನ್ಸ್ ಕಳಿಸುವ ಕೆಲಸ ನನ್ನದು, ಹಳೆ ರಸ್ತೆಯ ಗುಂಡಿಗಳಲ್ಲಿ ರೋಗಿ ನರಳಿದ್ದು ನನಗೆ ಗೊತ್ತು. ಇಚ್ಚ ಪರಿಹಾರ ತೆಗೆದುಕೊಂಡು ಮಗಳ ಮನೆ ಕಡೆ ಹೋದರು. ಅಂಗಡಿ ಇದ್ದ ಜಾಗದ ಹತ್ತಿರ ಈಗ ಅಂಡರ್‌ಪಾಸ್. ಎರಡೂ ಬದಿ ಕಾಂಕ್ರೀಟ್ ಗೋಡೆ. ಮೇಲೆ ಲಾರಿಗಳು ಹೋಗುತ್ತವೆ, ಕೆಳಗೆ ಕೂಗಿದರೆ ಮೇಲಿನವರಿಗೆ ಕೇಳುವುದಿಲ್ಲ. ಸಂಜೆ ಏಳರ ಮೇಲೆ ಕತ್ತಲೆ. ಹುಡುಗರು ಅದೇ ಹುಡುಗರು, ಅಥವಾ ಅವರ ತಮ್ಮಂದಿರು. ಕೂರಲು ಅವರಿಗೆ ಬೇರೆ ಜಾಗ ಇಲ್ಲ, ಆ ಗೋಡೆಯ ಹತ್ತಿರವೇ ಬೈಕು ನಿಲ್ಲಿಸಿ ಕೂರುತ್ತಾರೆ. ಅಪ್ಪನ ಹೆಸರು ಹೇಳುವವರು ಯಾರೂ ಇಲ್ಲ.

ನಮ್ಮವರು ಇದಕ್ಕೆ ಬೇರೆಯೇ ಕಾರಣ ಹೇಳುತ್ತಾರೆ. ಹಿಂದುಗಡೆ ಕ್ವಾರ್ಟರ್ಸ್ ಆಯ್ತಲ್ಲ, ಯಾರು ಯಾರೋ ಬಂದು ಬಾಡಿಗೆಗೆ ಇದ್ದಾರೆ, ಅದಕ್ಕೇ ಹೀಗಾಯ್ತು ಅನ್ನುತ್ತಾರೆ. ಕೆಲವರು ಒಂದು ಜಾತಿಯನ್ನು ಹೇಳುತ್ತಾರೆ, ಇನ್ನು ಕೆಲವರು ಇನ್ನೊಂದು ಧರ್ಮವನ್ನು ಹೇಳುತ್ತಾರೆ, ಯಾರ ಮನೆಯ ಜಗಲಿಯಲ್ಲಿ ಕೂತಿದ್ದೇವೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಚಿಕಾಗೋದಲ್ಲಿ ನೂರು ವರ್ಷದ ಹಿಂದೆಯೂ ಇದೇ ಮಾತು ಇತ್ತಂತೆ. ಕ್ಲಿಫರ್ಡ್ ಶಾ, ಹೆನ್ರಿ ಮೆಕೇ ಅಂತ ಇಬ್ಬರು ಬಾಲ ನ್ಯಾಯಾಲಯದ ಹಳೆಯ ದಾಖಲೆ ತೆಗೆದು, ಸಿಕ್ಕಿಬಿದ್ದ ಪ್ರತಿಯೊಬ್ಬ ಹುಡುಗನ ಮನೆಗೂ ಊರಿನ ನಕ್ಷೆಯಲ್ಲಿ ಒಂದೊಂದು ಚುಕ್ಕಿ ಇಟ್ಟರು. ಕಾರ್ಖಾನೆ, ರೈಲು ಹಳಿ ಬದಿಯ ಕೆಲವು ಕೇರಿಗಳಲ್ಲಿ ಚುಕ್ಕಿ ಒತ್ತೊತ್ತಾಗಿ ಬಿತ್ತು. ಆ ಕೇರಿಗಳಲ್ಲಿ ಮೊದಲು ಜರ್ಮನ್ನರು, ಐರಿಷರು ಇದ್ದರು. ಅವರು ದುಡ್ಡು ಮಾಡಿ ಹೊರಟುಹೋದರು, ಪೋಲೆಂಡಿನವರು, ಇಟಲಿಯವರು ಬಂದರು. ಜನ ಪೂರಾ ಬದಲಾದರೂ ಚುಕ್ಕಿ ಅಲ್ಲೇ ಒತ್ತೊತ್ತಾಗಿ ಉಳಿಯಿತು. ಬಿಟ್ಟುಹೋದವರ ಮಕ್ಕಳು ಹೊಸ ಬಡಾವಣೆಯಲ್ಲಿ ಸರಿಯಾದರು. 1942ರಲ್ಲಿ ಅವರು ಇದನ್ನೆಲ್ಲ ಒಟ್ಟು ಮಾಡಿ ಪ್ರಕಟಿಸಿದರು. ಬಡತನ, ಬಂದು ಹೋಗುವ ಬಾಡಿಗೆಯವರು, ಒಬ್ಬರ ಮಕ್ಕಳು ಇನ್ನೊಬ್ಬರಿಗೆ ಗೊತ್ತಿಲ್ಲದ ಸ್ಥಿತಿ, ಇವು ಜಾಗದಲ್ಲಿ ಇದ್ದವು, ಜನಾಂಗದಲ್ಲಿ ಇರಲಿಲ್ಲ.

ನಮ್ಮ ಕ್ವಾರ್ಟರ್ಸ್‌ನಿಂದ ನನ್ನ ಟೇಬಲ್ಲಿಗೆ ಬಂದವರು? ಹೊರ ರಾಜ್ಯದ ಹುಡುಗರು, ಪೇಂಟಿಂಗ್, ಟೈಲ್ಸ್ ಕೆಲಸದವರು. ಶನಿವಾರ ಸಂಬಳ ತೆಗೆದುಕೊಂಡು ಅಂಡರ್‌ಪಾಸಿನಲ್ಲಿ ಬರುವಾಗ ಯಾರೋ ಹೆಲ್ಮೆಟ್ಟಿನಲ್ಲಿ ಹೊಡೆದು ಫೋನು ಕಸಿದುಕೊಂಡದ್ದು. ಹತ್ತೊಂಬತ್ತು, ಇಪ್ಪತ್ತು ವರ್ಷ. ಅವರೂ 'ಬಿದ್ದೆ' ಅನ್ನುತ್ತಾರೆ, ಬೇರೆ ಭಾಷೆಯಲ್ಲಿ.

ಇಷ್ಟೆಲ್ಲ ತಿಳಿದವಳ ಹಾಗೆ ಬರೆಯುತ್ತಿದ್ದೇನೆ. ನನ್ನ ಮನೆಯ ಕತೆ ಹೇಳದಿದ್ದರೆ ಮೋಸ ಆದೀತು.

ನನ್ನ ಮಗ ಪ್ಲಸ್ ವನ್. ಹದಿನಾರು. ಒಂದು ದಿನ ಊಟಕ್ಕೆ ಕೂತವನ ಬಲಗೈ ನೋಡಿದೆ. ಹೊಳೆಯುವ ಸ್ಟೀಲಿನ ಕಡಗ, ನನ್ನ ಕಿರುಬೆರಳಿನಷ್ಟು ದಪ್ಪ. ಅನ್ನ ಬಡಿಸುತ್ತಿದ್ದ ಸೌಟು ಕೈಯಲ್ಲೇ ಉಳಿಯಿತು. ಎಲ್ಲಿಂದ ತಂದೆ ಅಂತ ಕೇಳಿದೆ.

"ಕಾಸರಗೋಡಿನಲ್ಲಿ. ಎಲ್ಲರೂ ಹಾಕ್ತಾರೆ ಅಮ್ಮ. ಸ್ಟೈಲಿಗೆ."

"ಯಾರಿಗೆ ಹೊಡೀಲಿಕ್ಕೆ?"

"ಯಾರಿಗೂ ಇಲ್ಲ. ಸುಮ್ನೆ. ಕೈಯಲ್ಲಿ ಇದ್ರೆ ಯಾರೂ ಹತ್ತಿರ ಬರುದಿಲ್ಲ."

ಅವನು ಹೆದರಿದ್ದ. ಅದು ನನಗೆ ಆಗ ಕಾಣಲಿಲ್ಲ, ಕಡಗ ಮಾತ್ರ ಕಂಡಿತು. ಬೈದೆ. ಅತ್ತೆ ನಡುವೆ ಬಂದು, ಮಾಣಿ ಉಣ್ಣಲಿ ಬಿಡು ಅಂದರು. ರಾತ್ರಿ ಗಂಡನಿಗೆ ಫೋನು ಮಾಡಿದೆ, ಅವರು ಅಬುಧಾಬಿಯಲ್ಲಿ. 'ಪುತ್ತೂರಿನಲ್ಲಿ ನಿನ್ನ ಅಣ್ಣನ ಮನೆಯಲ್ಲಿ ಬಿಟ್ಟು ಓದಿಸು' ಅಂದರು. ನನಗೂ ಸರಿ ಅನಿಸಿತು. ಆ ಡಾಕ್ಟರ್ ಹುಡುಗಿಗೆ ಮೆಸೇಜ್ ಹಾಕಿ ಕೇಳಿದೆ, ಹೀಗೆ ಜಾಗ ಬದಲಾಯಿಸಿದರೆ ಪ್ರಯೋಜನ ಇದೆಯಾ ಅಂತ. ಅವಳು ಒಂದು ದೊಡ್ಡ ಪಾಠವನ್ನೇ ಕಳಿಸಿದಳು. ಅಮೆರಿಕದಲ್ಲಿ 1994ರಿಂದ ಐದು ನಗರಗಳಲ್ಲಿ ಬಡ ಕೇರಿಯ ಸುಮಾರು 4,600 ಕುಟುಂಬಗಳ ಹೆಸರು ಚೀಟಿ ಎತ್ತಿದರಂತೆ. ಚೀಟಿ ಬಂದವರಿಗೆ ಒಳ್ಳೆಯ ಜಾಗದಲ್ಲಿ ಮನೆ ಮಾಡಲು ಬಾಡಿಗೆ ಸಹಾಯ. ಹೆಣ್ಣುಮಕ್ಕಳಿಗೆ ನೆಮ್ಮದಿ ಆಯಿತು. ಗಂಡುಹುಡುಗರ ಹೊಡೆದಾಟದ ಕೇಸು ಮೊದಮೊದಲು ಕಡಿಮೆಯಾಯಿತು, ಕೆಲವು ವರ್ಷದ ಮೇಲೆ ಕಳ್ಳತನದ ಕೇಸು ಜಾಸ್ತಿಯಾಯಿತು. ಹೊಸ ಜಾಗದಲ್ಲಿ ಅವರು ಹೊರಗಿನವರಾಗಿಯೇ ಉಳಿದರೋ ಏನೋ. ಹದಿಮೂರು ತುಂಬುವ ಮೊದಲೇ ಹೋದ ಮಕ್ಕಳು ಮಾತ್ರ ದೊಡ್ಡವರಾದ ಮೇಲೆ ಶೇಕಡಾ 31ರಷ್ಟು ಜಾಸ್ತಿ ಸಂಪಾದಿಸಿದರು ಅಂತ 2016ರಲ್ಲಿ ರಾಜ್ ಚೆಟ್ಟಿ ಮತ್ತು ಜೊತೆಯವರು ಲೆಕ್ಕ ಹಾಕಿದರು.

ಹದಿಮೂರು! ನನ್ನವನಿಗೆ ಅದು ದಾಟಿ ಮೂರು ವರ್ಷ ಆಯ್ತು. ಪುತ್ತೂರಿನ ಯೋಚನೆ ಅಲ್ಲಿಗೇ ನಿಂತಿತು. ಅವನೂ ಹೋಗಲು ತಯಾರಿರಲಿಲ್ಲ, ಅದು ಬೇರೆ ಮಾತು.

ಆಮೇಲೆ ಆ ಸಂಜೆ. ಕಾರ್ತಿಕ ಮಾಸ, ಏಳೂವರೆ ಇರಬಹುದು. ಡ್ಯೂಟಿ ಮುಗಿಸಿ ಬಂದು ಸ್ನಾನ ಮಾಡಿ ದೀಪ ಇಟ್ಟಿದ್ದೆ. ಹೊರಗೆ ದಾರಿಯಲ್ಲಿ ಗಲಾಟೆ ಕೇಳಿತು. ಕಿಟಕಿಯಿಂದ ನೋಡಿದೆ. ನಾಲ್ಕೈದು ಜನ ಒಬ್ಬನನ್ನು ನಮ್ಮ ಕಂಪೌಂಡಿನ ಗೋಡೆಗೆ ಒತ್ತಿ ಹಿಡಿದಿದ್ದರು. ಮೊಬೈಲಿನ ಟಾರ್ಚ್ ಬೆಳಕು ಅಲ್ಲಾಡುತ್ತಿತ್ತು. ಒಬ್ಬ ವಿಡಿಯೋ ಮಾಡುತ್ತಿದ್ದ. ನಾನು ಏನು ಮಾಡಿದೆ ಗೊತ್ತಾ? ಕಿಟಕಿ ಮುಚ್ಚಿದೆ. ಮಗ ಒಳಗೇ ಇದ್ದಾನಾ ಅಂತ ನೋಡಿದೆ, ಇದ್ದ. ಬಾಗಿಲ ಚಿಲಕ ಹಾಕಿದೆ. ಯಾರ ಮಕ್ಕಳೋ, ನಾಳೆ ನನ್ನ ಮಗನಿಗೆ ದ್ವೇಷ ಕಟ್ಟಿಕೊಳ್ಳುವುದು ಯಾಕೆ ಅಂದುಕೊಂಡೆ. ಐದು ನಿಮಿಷದಲ್ಲಿ ಶಬ್ದ ನಿಂತಿತು. ಬೆಳಿಗ್ಗೆ ಗೇಟಿನ ಹತ್ತಿರ ಒಂದು ಚಪ್ಪಲಿ ಇತ್ತು, ಎಡಗಾಲಿನದು. ಎದುರು ಮನೆಯಾಕೆ ಸೊಪ್ಪು ಕೊಯ್ಯಲು ಬಂದವಳು, 'ನಿನ್ನೆ ಕೇಳಿತಾ ಸಿಸ್ಟರೇ?' ಅಂದಳು. 'ಕೇಳಿತು' ಅಂದೆ. 'ನಮಗೂ ಕೇಳಿತು' ಅಂದಳು. ಇಬ್ಬರೂ ಚಪ್ಪಲಿ ನೋಡುತ್ತಾ ನಿಂತೆವು.

ಚಿಕಾಗೋದಲ್ಲೇ 1995ರಲ್ಲಿ 343 ನೆರೆಕರೆಗಳ 8,782 ಜನರ ಹತ್ತಿರ ಹೋಗಿ ಕೇಳಿದ್ದರಂತೆ. ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ಇಲ್ಲಿನವರು ಕೇಳುತ್ತಾರಾ? ಮನೆ ಎದುರು ಹೊಡೆದಾಟ ಆದರೆ ನಡುವೆ ಹೋಗುತ್ತಾರಾ? ಒಬ್ಬರನ್ನೊಬ್ಬರು ನಂಬಬಹುದಾ? ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಯವರು 1997ರಲ್ಲಿ ಬರೆದದ್ದು ಇಷ್ಟು: ಹೌದು ಅಂತ ಜಾಸ್ತಿ ಜನ ಹೇಳಿದ ನೆರೆಕರೆಗಳಲ್ಲಿ, ಬಡತನ ಒಂದೇ ಆಗಿದ್ದರೂ, ಹಿಂಸೆ ಕಡಿಮೆ ಇತ್ತು. ನನ್ನನ್ನು ಯಾರಾದರೂ ಆ ಸಂಜೆ ಆರು ಗಂಟೆಗೆ ಕೇಳಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಏಳೂವರೆಗೆ ಕಿಟಕಿ ಮುಚ್ಚಿದೆ. ಇಚ್ಚ ಅಷ್ಟು ಸುಲಭವಾಗಿ ಕೂಗಿ ಹೇಳುತ್ತಿದ್ದದ್ದು ಅವರ ಧೈರ್ಯದಿಂದ ಅಂತ ಅಂದುಕೊಂಡಿದ್ದೆ. ಈಗ ಅನಿಸುವುದು, ಅವರಿಗೆ ಎಲ್ಲರ ಅಪ್ಪನ ಹೆಸರು ಗೊತ್ತಿತ್ತು, ಜಗಲಿಯಲ್ಲಿ ಇನ್ನೂ ಹತ್ತು ಜನ ಇದ್ದರು.

ಆ ಭಾನುವಾರದ ಕುಟುಂಬಶ್ರೀ ಕೂಟದಲ್ಲಿ ಇದನ್ನು ಬಾಯಿಬಿಟ್ಟೆ. 1998ರಿಂದ ಕೇರಳದಲ್ಲಿ ಈ ನೆರೆಕೂಟಗಳು ಇವೆ, ನಮ್ಮದರಲ್ಲಿ ಹದಿನೇಳು ಹೆಂಗಸರು. ಉಳಿತಾಯದ ದುಡ್ಡು ಎಣಿಸುತ್ತೇವೆ, ಸಾಲದ ಕಂತು ಬರೆಯುತ್ತೇವೆ, ಚಹಾ ಕುಡಿದು ಏಳುತ್ತೇವೆ. ಕಿಟಕಿ ಮುಚ್ಚಿದೆ ಅಂತ ನಾನು ಹೇಳಿದ ಮೇಲೆ ಆರು ಮಂದಿ ತಾವೂ ಮುಚ್ಚಿದ್ದನ್ನು ಹೇಳಿದರು. ಒಬ್ಬಾಕೆಗೆ ಅಳು ಬಂತು. ಗೋಡೆಗೆ ಒತ್ತಿ ಹಿಡಿದಿದ್ದವನು ಆಕೆಯ ತಂಗಿಯ ಮಗ.

ಆಮೇಲೆ ಆದದ್ದು ದೊಡ್ಡದೇನೂ ಅಲ್ಲ. ಅಂಡರ್‌ಪಾಸಿಗೆ ಲೈಟ್ ಬೇಕು ಅಂತ ಅರ್ಜಿ ಕೊಟ್ಟೆವು. ಒಂದು ಕಚೇರಿಯವರು ಇನ್ನೊಂದನ್ನು ತೋರಿಸಿದರು, ಅವರು ಇವರನ್ನು ತೋರಿಸಿದರು. ನಾನು ಡೈರಿಯ ಪುಟಗಳ ಝೆರಾಕ್ಸ್ ಹಿಡಿದುಕೊಂಡು ಗ್ರಾಮಸಭೆಗೆ ಹೋದೆ. ವಾರ, ಗಂಟೆ, ಜಾಗ. ಮೆಂಬರ್ ಓದಿದಳು, ಸುಮ್ಮನಾದಳು, ಆಮೇಲೆ ಸ್ವಲ್ಪ ಜೋರಾಗಿಯೇ ಮಾತಾಡಿದಳು. ನಾಲ್ಕು ತಿಂಗಳಾದ ಮೇಲೆ ಎರಡು ಎಲ್‌ಇಡಿ ಬಂದವು. ನ್ಯೂಯಾರ್ಕಿನಲ್ಲಿ 2016ರಲ್ಲಿ ಸರ್ಕಾರಿ ವಸತಿಗಳಿಗೆ ಚೀಟಿ ಎತ್ತಿ ದೊಡ್ಡ ದೀಪದ ಗೋಪುರ ಇಟ್ಟು ನೋಡಿದ್ದರು, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಶೇಕಡಾ 36ರಷ್ಟು ಇಳಿದಿತ್ತು. ನಮ್ಮ ಎರಡು ದೀಪಕ್ಕೆ ಅಷ್ಟು ದೊಡ್ಡ ಲೆಕ್ಕ ಬೇಡ. ಅಂಡರ್‌ಪಾಸ್ ಅಂತ ಡೈರಿಯಲ್ಲಿ ಬರೆಯುವುದು ಕಡಿಮೆಯಾಗಿದೆ. ಕಡವು ಹಾಗೇ ಇದೆ. ಅದಕ್ಕೆ ದೀಪ ಹಾಕಿ ಪ್ರಯೋಜನ ಇಲ್ಲ.

ಬಸ್ ಸ್ಟಾಪಿನಲ್ಲಿ ಈಗ ನಾಲ್ಕು ಗಂಟೆಗೆ ನಮ್ಮ ಕೂಟದ ಇಬ್ಬರು ಬೊಂಡ, ನೀರುಮಜ್ಜಿಗೆ ಇಟ್ಟುಕೊಂಡು ಕೂರುತ್ತಾರೆ. ವ್ಯಾಪಾರಕ್ಕೆ ಅಂತಲೇ ಶುರು ಮಾಡಿದ್ದು, ಲಾಭ ಆಗುತ್ತಿದೆ. ಅವರಿಗೆ ಹುಡುಗರ ಅಪ್ಪಂದಿರ ಹೆಸರು ಗೊತ್ತಿಲ್ಲ, ಅಮ್ಮಂದಿರ ಹೆಸರು ಗೊತ್ತು. ಅದೂ ನಡೆಯುತ್ತದೆ.

ಮಗ ರಜೆಯಲ್ಲಿ ಕ್ಯಾಟರಿಂಗಿಗೆ ಹೋಗಲು ಶುರು ಮಾಡಿದ. ಮದುವೆ ಹಾಲಿನಲ್ಲಿ ಬಿರಿಯಾನಿ ಬಡಿಸುವುದು, ನಮ್ಮ ಕಡೆಯ ಪ್ಲಸ್ ಟು ಹುಡುಗರಲ್ಲಿ ಅರ್ಧಕ್ಕರ್ಧ ಇದನ್ನೇ ಮಾಡುವುದು. ಓದು ಹಾಳಾಗುತ್ತದೆ ಅಂತ ಮೊದಲು ಬೇಡ ಅಂದೆ. ಮತ್ತೆ ಆ ಡಾಕ್ಟರೇ ಬರೆದಳು: ಚಿಕಾಗೋದಲ್ಲಿ 2012ರ ಬೇಸಿಗೆ ರಜೆಯಲ್ಲಿ ಎಂಟು ವಾರ ಸಂಬಳದ ಕೆಲಸ ಕೊಟ್ಟ ಹೈಸ್ಕೂಲ್ ಮಕ್ಕಳಲ್ಲಿ ಮುಂದಿನ 16 ತಿಂಗಳಲ್ಲಿ ಹೊಡೆದಾಟದ ಬಂಧನ ಶೇಕಡಾ 43 ಕಡಿಮೆಯಾಗಿತ್ತು, ಅದೂ ಹೆಚ್ಚಿನ ಇಳಿಕೆ ಆದದ್ದು ಕೆಲಸ ಮುಗಿದ ಮೇಲೆ. ನನಗೆ ಲೆಕ್ಕಕ್ಕಿಂತ ಜಾಸ್ತಿ ಸಮಾಧಾನ ಕೊಟ್ಟದ್ದು, ರಾತ್ರಿ ಹನ್ನೊಂದಕ್ಕೆ ಬಂದವನು ಕಾಲು ನೋವು ಅಂತ ಬಿದ್ದು ಮಲಗುವುದು. ಅಂಡರ್‌ಪಾಸಿಗೆ ಹೋಗಲು ತ್ರಾಣ ಉಳಿದಿರುವುದಿಲ್ಲ.

ಕಡಗ ಮಾತ್ರ ತೆಗೆದಿರಲಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೆ.

ಕಳೆದ ಭಾನುವಾರ ಮಧ್ಯಾಹ್ನವೇ ಬಂದ, ಬಲಗೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು. ನನ್ನ ಹೊಟ್ಟೆ ಧಸಕ್ ಅಂತು. "ತೋರಿಸು" ಅಂದೆ. ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಕೆಂಪಾಗಿ ಬೊಬ್ಬೆ ಎದ್ದಿತ್ತು, ಅರ್ಧ ಸುತ್ತು.

"ಎಲ್ಲಿ ಆಯ್ತು?"

"ಹಾಲ್‌ನಲ್ಲಿ ಅಮ್ಮ. ಬಿರಿಯಾನಿ ಚೆಂಬಿನ ಮುಚ್ಚಳ ತೆಗೆಯುವಾಗ ಕಡಗ ಕೆಂಡಕ್ಕೆ ತಾಗಿ ಬಿಸಿ ಆಯ್ತು. ತೆಗೀಲಿಕ್ಕೆ ಆಗ್ಲಿಲ್ಲ."

ಕೈ ಹಿಡಿದು ತಿರುಗಿಸಿ ನೋಡಿದೆ. ಗೆಣ್ಣು ನೋಡಿದೆ. ಹುಬ್ಬು ನೋಡಿದೆ. ಅಂಗಿಯನ್ನು ಮೂಸಿದೆ, ತುಪ್ಪ ಮತ್ತು ಹೊಗೆಯ ವಾಸನೆ. ನಿಜವೇ ಹೇಳುತ್ತಿದ್ದ. ನಲ್ಲಿ ಬಿಟ್ಟು ಇಪ್ಪತ್ತು ನಿಮಿಷ ತಣ್ಣೀರಿನ ಕೆಳಗೆ ಕೈ ಹಿಡಿಸಿದೆ. ಆಮೇಲೆ ಅವನೇ ಸೋಪು ಹಚ್ಚಿ, ಹಲ್ಲು ಕಚ್ಚಿಕೊಂಡು, ಕಡಗವನ್ನು ಮೆಲ್ಲಮೆಲ್ಲಗೆ ಜಾರಿಸಿ ತೆಗೆದು ಫ್ರಿಜ್ಜಿನ ಮೇಲೆ ಇಟ್ಟ. ಇವತ್ತಿಗೆ ಎಂಟು ದಿನ. ಅಲ್ಲೇ ಇದೆ. ಅತ್ತೆ ಅದರ ಮೇಲೆ ಕರೆಂಟ್ ಬಿಲ್ಲು ಇಟ್ಟಿದ್ದಾರೆ.